ಮಮಾಸೊಲಿಯ ಮಾದರಿ ಮನೆ

ಸ್ವಲ್ಪ ಇಲ್ಲಿ ಕೇಳಿ. ಕೈಯಲ್ಲಿರುವ ಕೆಲಸ ಎಲ್ಲಿಗೂ ಓಡಿಹೋಗುವುದಿಲ್ಲ, ಪಕ್ಕಕ್ಕಿಟ್ಟು ಕೊನೆಯವರೆಗೂ ಕೇಳಿ. ಅರ್ಧ ಕೇಳಿ ಎದ್ದುಹೋದವರು ಮಮಾಸೊಲಿಯನ್ನು ಪೆದ್ದ ಅನ್ನುತ್ತಾರೆ. ಮುಕ್ಕಾಲು ಕೇಳಿದವರು ಪಾಪಿ ಅನ್ನುತ್ತಾರೆ. ಪೂರ್ತಿ ಕೇಳಿದವರು ಮಾತ್ರ ಇದುವರೆಗೂ ಏನೂ ಅಂದಿಲ್ಲ, ಚಹಾದ ಬಟ್ಟಲಿನ ತಳ ನೋಡುತ್ತಾ ಕೂತುಬಿಡುತ್ತಾರೆ. ನೀವಾದರೂ ಏನಾದರೂ ಹೇಳಿ ಅಂತಲೇ ಇಷ್ಟು ಅವಸರ ಮಾಡುತ್ತಿರುವುದು.

ಮಾರ್ಗಿಲಾನ್ ಊರಿನ ಅನಾರ್‌ಜಾರ್ ಮೊಹಲ್ಲಾದಲ್ಲಿ ಮಮಾಸೊಲಿಯನ್ನು ಅರಿಯದವರಿಲ್ಲ. ಮದುವೆಯಿರಲಿ, ತೊಟ್ಟಿಲ ಶಾಸ್ತ್ರವಿರಲಿ, ಸಾವಿರಲಿ, ತಟ್ಟೆ, ಕೆಟಲು, ಉದ್ದನೆಯ ಮೇಜು, ಬೆಂಚು, ಎರಡು ಕುರಿ ಒಟ್ಟಿಗೆ ಬೇಯುವ ಕಡಾಯಿ ಎಲ್ಲವೂ ಬಾಡಿಗೆಗೆ ಬರುವುದು ಅವನ ಮನೆಯಿಂದಲೇ. ಇಪ್ಪತ್ತೈದು ವರ್ಷ ಇದೇ ಕೆಲಸ ಮಾಡಿ ಅವನಿಗೊಂದು ಕಾಯಿಲೆ ಹತ್ತಿಕೊಂಡಿತ್ತು. ಬೇರೆಯವರಿಗೆ ಗಾಬರಿಯಾದರೆ ಬೆವರು ಬರುತ್ತದೆ. ಮಮಾಸೊಲಿಗೆ ಗಾಬರಿಯಾದರೆ ಕೈ ತಂತಾನೇ ಮೇಜುಬಟ್ಟೆ ಹಾಸಲು ಶುರುಮಾಡುತ್ತದೆ.

ಕಿರಿಯ ಮಗನಾದ್ದರಿಂದ ಅಲ್ಲಿನ ಪದ್ಧತಿಯಂತೆ ಮನೆಯೂ ಅವನ ಪಾಲಿಗೆ ಬಂದಿತ್ತು, ತಾಯಿಯೂ ಅವನ ಪಾಲಿಗೆ ಬಂದಿದ್ದಳು. ತಾಯಿ ಹೊಸಿಯತ್ ಅಜ್ಜಿಗೆ ಎಂಬತ್ತೊಂದು. ಆರು ವರ್ಷದಿಂದ ಮರೆವು. ಮೂವತ್ತು ವರ್ಷದ ಹಿಂದೆ ಮಾರಿದ ಹಸುವನ್ನು ಹುಡುಕಿಕೊಂಡು ಬೀದಿಗೆ ಹೋಗುತ್ತಿದ್ದಳು. ಚಪ್ಪಲಿಯನ್ನು ರೊಟ್ಟಿಯ ಒಲೆಯೊಳಗೆ ಇಡುತ್ತಿದ್ದಳು. ಎತ್ತಿ ಕೂರಿಸಬೇಕು, ಎತ್ತಿ ಮಲಗಿಸಬೇಕು, ತೊಳೆಯಬೇಕು, ಉಣಿಸಬೇಕು. ಇದೆಲ್ಲ ಮಾಡುತ್ತಿದ್ದವಳು ಮಮಾಸೊಲಿಯ ಹೆಂಡತಿ ಮುಹಯ್ಯೊ. ರೇಷ್ಮೆ ನೇಯುವ ಕೆಲಸ ಬಿಟ್ಟು ಆರು ವರ್ಷದಿಂದ ಅತ್ತೆಯ ಹಿಂದೆಯೇ ಇದ್ದಳು. ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದರು, ಕೈ ಹಿಡಿಯುವವರು ಬೇರೆ ಯಾರೂ ಇರಲಿಲ್ಲ.

ಮಮಾಸೊಲಿ ತಾನು ಒಳ್ಳೆಯ ಮಗ ಎಂದು ಪ್ರಾಮಾಣಿಕವಾಗಿ ನಂಬಿದ್ದ. ದಿನಾ ಸಂಜೆ ಬಂದು ತಾಯಿಯ ಪಕ್ಕ ಹತ್ತು ನಿಮಿಷ ಕೂತು, ಹೇಗಿದ್ದೀಯಮ್ಮಾ ಅನ್ನುತ್ತಿದ್ದ. ಚೆನ್ನಾಗಿದ್ದೀನಪ್ಪ, ನೀನು ಯಾರ ಮಗ ಅನ್ನುತ್ತಿದ್ದಳು ತಾಯಿ. ಅವನು ನಗುತ್ತಾ ಎದ್ದುಹೋಗಿ ತಟ್ಟೆ ಎಣಿಸುತ್ತಿದ್ದ.

ಚಳಿಗಾಲ ಮುಗಿಯುವ ಹೊತ್ತಿಗೆ ಮುಹಯ್ಯೊಳ ಬೆನ್ನು ಕೈಕೊಟ್ಟಿತು. ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿ, ಭಾರ ಎತ್ತುವುದನ್ನು ಕಡಿಮೆ ಮಾಡಿ ದಿನಕ್ಕೆ ಎರಡು ಗಂಟೆಯಾದರೂ ಚಪ್ಪಟೆ ಮಲಗದಿದ್ದರೆ ಕಾಲುಗಳು ನಿಮ್ಮ ಮಾತು ಕೇಳುವುದನ್ನು ಬಿಡುತ್ತವೆ ಎಂದರು. ಅದೇ ಸಮಯಕ್ಕೆ ಜಿಲ್ಲೆಯಲ್ಲಿ ಹೊಸದೊಂದು ವ್ಯವಸ್ಥೆ ಬಂದಿತ್ತು. ಕಾಯಿಲೆಯವರನ್ನು ಮನೆಯಲ್ಲೇ ನೋಡಿಕೊಳ್ಳುವ ಕುಟುಂಬಕ್ಕೆ ವಾರದಲ್ಲಿ ಮೂರು ಬೆಳಿಗ್ಗೆ ಸರ್ಕಾರದಿಂದ ಒಬ್ಬ ಸಹಾಯಕಿ ಬರುತ್ತಾಳೆ. ಅರ್ಜಿ ಹಾಕಬೇಕು, ತಪಾಸಣೆಯವರು ಬಂದು ನೋಡುತ್ತಾರೆ, ಅಷ್ಟೇ. ಮುಹಯ್ಯೊ ಆ ಮೂರು ಬೆಳಿಗ್ಗೆಗಳ ಬಗ್ಗೆ ಮಾತಾಡುವಾಗ, ಬೇರೆ ಹೆಂಗಸರು ಬಂಗಾರದ ಬಗ್ಗೆ ಮಾತಾಡುವ ಹಾಗೆ ದನಿ ತಗ್ಗಿಸುತ್ತಿದ್ದಳು.

ಮಮಾಸೊಲಿಗೆ ಅರ್ಜಿಯ ಹೆಸರು ಕೇಳಿದರೇ ಕಿವಿ ಕೆಂಪಾಗುತ್ತಿತ್ತು. ಹೆತ್ತ ತಾಯಿಯನ್ನು ನೋಡಿಕೊಳ್ಳಲು ನನ್ನಿಂದ ಆಗುತ್ತಿಲ್ಲ ಅಂತ ಕಾಗದದ ಮೇಲೆ ಬರೆದುಕೊಡುವುದೇ? ನಾಳೆ ಯಾರಾದರೂ ಅವನ ಮನೆಯಿಂದ ಕೆಟಲು ಬಾಡಿಗೆಗೆ ತೆಗೆದುಕೊಳ್ಳುತ್ತಾರೆಯೇ? ಮೂರು ವಾರ ಮುಂದೂಡಿದ. ಕೊನೆಗೆ ಒಂದು ಮಧ್ಯಾಹ್ನ, ಇಡೀ ಮೊಹಲ್ಲಾ ಊಟಕ್ಕೆ ಕೂತಿರುವ ಹೊತ್ತು ನೋಡಿ, ಅರ್ಜಿಯನ್ನು ಟೊಪ್ಪಿಗೆಯೊಳಗೆ ಮಡಚಿಟ್ಟುಕೊಂಡು ಹೋಗಿ ಕೊಟ್ಟುಬಂದ. ಮೊಹಲ್ಲಾದ ಅಧ್ಯಕ್ಷ ಕೋಜಿಮ್ ರಯೀಸ ಅದನ್ನು ಓದಿ, ತಪಾಸಣೆಯವರು ಗುರುವಾರ ಬರುತ್ತಾರೆ ಎಂದ. ಆಮೇಲೆ ಇಡೀ ಬೀದಿಗೆ ಹೇಳಿದ. ಗುಟ್ಟಾಗಿಯೇ ಹೇಳಿದ, ಒಬ್ಬೊಬ್ಬರಿಗೇ.

ಜಿಲ್ಲೆಯಿಂದ ಅತಿಥಿಗಳು ಬರುತ್ತಾರೆ ಎಂದ ಮೇಲೆ ಮಮಾಸೊಲಿಯ ಕೈ ಕೆಲಸ ಶುರುಮಾಡಿತು. ಬುಧವಾರ ಸಂಜೆಯೊಳಗೆ ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ನಲವತ್ತು ಜನ ಕೂರುವ ಮೇಜು ಸಾಲಾಗಿ ನಿಂತಿತು. ಬರುವವರು ಮೂರು ಜನ. ಪಕ್ಕದ ಮನೆಯ ಬಸೋರತ್ ಅಕ್ಕ ಕ್ಯಾರೆಟ್ ಹೆಚ್ಚಲು ಬಂದಳು, ಅವಳ ಹಿಂದೆ ಇನ್ನೂ ಏಳು ಹೆಂಗಸರು ಬಂದರು. ಗೋಡೆಗೆ ಸುಣ್ಣ ಬಿತ್ತು. ಅಜ್ಜಿಗೆ ಮಖಮಲ್ಲಿನ ಅಂಗಿ, ಹೊಸ ಬಿಳಿ ತಲೆವಸ್ತ್ರ ತಯಾರಾಯಿತು.

ಗುರುವಾರ ಬೆಳಿಗ್ಗೆ ಮಮಾಸೊಲಿ ಮನೆಯೊಳಗೆ ಒಂದು ಸುತ್ತು ಹಾಕಿದ, ಮದುವೆ ಮನೆಯನ್ನು ಕೊನೆಯ ಸಲ ನೋಡುವ ಹಾಗೆ. ಅಜ್ಜಿಯ ಕೋಣೆಯಲ್ಲಿದ್ದ ಶೌಚದ ಕುರ್ಚಿಯನ್ನು ಹೊತ್ತುಕೊಂಡು ಹೋಗಿ ಕೋಳಿಗೂಡಿನ ಹಿಂದೆ ಇಟ್ಟ. ಹಾಸಿಗೆಯ ಮೇಲಿನ ರಬ್ಬರ್ ಹಾಳೆಯನ್ನು ಸುತ್ತಿ ಅಟ್ಟಕ್ಕೆ ಎಸೆದ. ಅಜ್ಜಿ ಬೀದಿಗೆ ಹೋದರೆ ತಿಳಿಯಲೆಂದು ಗೇಟಿಗೆ ಕಟ್ಟಿದ್ದ ಗಂಟೆ ಬಿಚ್ಚಿದ. ಒಲೆಗೆ ಹಾಕಿದ್ದ ಬೀಗ ತೆಗೆದ. ಔಷಧಿಯ ಹದಿನಾಲ್ಕು ಡಬ್ಬಿಗಳನ್ನು ಪಾತ್ರೆಯ ಪೆಟ್ಟಿಗೆಗೆ ತುಂಬಿದ.

ಮುಹಯ್ಯೊ ಸೊಂಟಕ್ಕೆ ಶಾಲು ಬಿಗಿದುಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಏನ್ರೀ, ಅವರು ನೋಡೋಕೆ ಬರ್ತಿರೋದೇ ಇದನ್ನ."

"ಬಂದವರಿಗೆ ಶೌಚದ ಕುರ್ಚಿ ತೋರಿಸ್ತಾರೇನೇ ಯಾರಾದ್ರೂ? ಮೊದಲು ಊಟ ಮಾಡ್ಲಿ. ಆಮೇಲೆ ನಿಧಾನಕ್ಕೆ ಬಾಯಲ್ಲಿ ಹೇಳೋಣ."

"ಯಾರು ಹೇಳೋದು?"

ಮಮಾಸೊಲಿ ಆಗಲೇ ಕಡಾಯಿಯ ಕಡೆ ಹೊರಟಿದ್ದ.

ಹತ್ತು ಗಂಟೆಗೆ ತಪಾಸಣೆಯವರು ಬಂದರು. ಹುಲ್ಕರ್ ಎಂಬ ಯುವತಿ, ಮೂವತ್ತೊಂದು ಪ್ರಶ್ನೆಗಳ ನಮೂನೆಯ ಜೊತೆ. ಒಬ್ಬ ಡಾಕ್ಟರು. ಒಬ್ಬ ಗುಮಾಸ್ತ, ಬರೆಯುವವನು. ಗೇಟು ದಾಟಿದ ತಕ್ಷಣ ನಲವತ್ತು ತಟ್ಟೆ ಕಂಡು ಗುಮಾಸ್ತ, ಮದುವೆ ಮನೆಗೆ ಬಂದ್ವಾ ಎಂದು ಕೇಳಿ ವಿಳಾಸ ಇನ್ನೊಂದು ಸಲ ನೋಡಿಕೊಂಡ.

ಈಗ ಹೊಸಿಯತ್ ಅಜ್ಜಿಯ ವಿಷಯ ಹೇಳಬೇಕು. ಆ ಬೆಳಿಗ್ಗೆಯಷ್ಟೇ ಮುಹಯ್ಯೊಳನ್ನು ರೊಟ್ಟಿ ಕಳ್ಳಿ ಎಂದು ಚಪ್ಪಲಿಯಲ್ಲಿ ಹೊಡೆದಿದ್ದಳು. ಆದರೆ ಎಪ್ಪತ್ತು ವರ್ಷ ಅತಿಥಿ ಸತ್ಕಾರ ಮಾಡಿದ ಮೈ ಅದು. ತಲೆ ಮರೆತರೂ ಕೈ ಮರೆತಿರಲಿಲ್ಲ. ಮಖಮಲ್ಲು ತೊಟ್ಟು ದೊಡ್ಡ ದಿಂಬಿಗೆ ಒರಗಿ ಕೂತಿದ್ದವಳು ಹೊಸ ಮುಖ ಕಂಡದ್ದೇ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದಳು. "ಬನ್ನಿ ಮಗಳೇ, ಮೇಲೆ ಬನ್ನಿ, ಅಲ್ಲಿ ಬಾಗಿಲ ಹತ್ರ ಕೂತ್ರೆ ನಂಗೆ ಬೇಜಾರಾಗುತ್ತೆ."

ಹುಲ್ಕರ್ ನಮೂನೆ ತೆಗೆದಳು. ಜನರನ್ನು ಗುರುತು ಹಿಡಿಯುತ್ತಾರಾ ಎಂಬುದು ಮೂರನೆಯ ಪ್ರಶ್ನೆ. ಅಜ್ಜಿ ಡಾಕ್ಟರ ಕಡೆ ನೋಡಿ, ನೀನು ಹಳೇ ಸಂತೆಯ ಲಾಳ ಹೊಡೆಯೋ ಸಿದ್ದಿಕನ ಮಗ ಅಲ್ವಾ, ಕಣ್ಣು ಅಪ್ಪನದೇ ಎಂದಳು. ಡಾಕ್ಟರ ತಂದೆ ಶಾಲೆಯ ಮೇಷ್ಟ್ರು, ಹೆಸರೂ ಬೇರೆ. ಆದರೆ ಎಂಬತ್ತು ದಾಟಿದ ಹೆಂಗಸಿನ ಮಾತಿಗೆ ಇಲ್ಲ ಅನ್ನುವ ನಾಲಗೆ ಆ ಊರಿನಲ್ಲಿ ಯಾರಿಗೂ ಹುಟ್ಟಿಲ್ಲ. ಹೌದಜ್ಜೀ ಎಂದರು ಡಾಕ್ಟರು. ಗುಮಾಸ್ತ, ಗುರುತು ಹಿಡಿಯುತ್ತಾರೆ ಎಂದು ಬರೆದುಕೊಂಡ.

ಇವತ್ತು ಯಾವ ವಾರ ಎಂಬ ಪ್ರಶ್ನೆಗೆ, ಅತಿಥಿ ಬಂದ ದಿನ ಹಬ್ಬದ ದಿನ ಮಗಳೇ ಎಂಬ ಉತ್ತರ ಬಂತು. ಅದನ್ನು ಸರಿಯೆನ್ನುವುದೋ ತಪ್ಪೆನ್ನುವುದೋ ನಮೂನೆಯಲ್ಲಿ ಇರಲಿಲ್ಲ, ಸರಿ ಎಂದಾಯಿತು. ಕೈ ಸ್ಥಿರವಾಗಿದೆಯೇ ನೋಡಲು ಹುಲ್ಕರ್ ಚಹಾ ಸುರಿಯಲು ಹೇಳಿದಳು. ಅಲ್ಲಿ ಅತಿಥಿಗೆ ಬಟ್ಟಲು ತುಂಬ ಚಹಾ ಕೊಟ್ಟರೆ ಬೇಗ ಕುಡಿದು ಎದ್ದುಹೋಗು ಎಂದ ಹಾಗೆ. ಎಷ್ಟು ಕಡಿಮೆಯೋ ಅಷ್ಟು ಮರ್ಯಾದೆ. ಅಜ್ಜಿಯ ಕೈ ನಡುಗಿ ಬಟ್ಟಲಿನ ತಳಕ್ಕೆ ಎರಡೇ ಗುಟುಕು ಬಿತ್ತು. ಇಷ್ಟು ಅಚ್ಚುಕಟ್ಟಾಗಿ ಸುರಿಯುವವರು ಈಗ ಎಲ್ಲಿದ್ದಾರೆ ಎಂದು ಡಾಕ್ಟರು ತಲೆದೂಗಿದರು.

ಆಮೇಲೆ ನೆರೆಯವರ ಸಾಕ್ಷಿ. ಬಸೋರತ್ ಅಕ್ಕನಿಗೆ ಅಜ್ಜಿಯ ಕೂಗಾಟ ಗೋಡೆಯಾಚೆಯಿಂದ ದಿನಾ ಕೇಳುತ್ತಿತ್ತು. ಆದರೆ ಹೊರಗಿನವರ ಮುಂದೆ ನೆರೆಮನೆಯ ಹುಳುಕು ಹೇಳುವುದು ಉಂಟೇ? ಅಜ್ಜಿ ವಸಂತದ ಹೂವಿನ ಹಾಗಿದ್ದಾರೆ ಎಂದಳು. ಕೋಜಿಮ್ ರಯೀಸ ಎದ್ದು ನಿಂತು, ನಮ್ಮ ಮೊಹಲ್ಲಾದಲ್ಲಿ ನರಳುತ್ತಿರುವ ಹಿರಿಯರು ಒಬ್ಬರೂ ಇಲ್ಲ ಎಂದು ಕಾಲು ಗಂಟೆ ಭಾಷಣ ಮಾಡಿದ.

ಮಮಾಸೊಲಿ ಬಾಯಲ್ಲಿ ಹೇಳುವ ಘಳಿಗೆಗೆ ಕಾಯುತ್ತಾ ಪಲಾವ್ ಬಡಿಸುತ್ತಿದ್ದ. ಎರಡನೆಯ ಸುತ್ತು ಮುಗಿದ ಮೇಲೆ ಗಂಟಲು ಸರಿಮಾಡಿಕೊಂಡು, ಅಮ್ಮನ ವಿಷಯ ಸ್ವಲ್ಪ ಏನಪ್ಪಾ ಅಂದ್ರೆ ಎಂದು ಶುರುಮಾಡಿದ. ಅಷ್ಟರಲ್ಲಿ ಅಮ್ಮ ಎರಡೂ ಅಂಗೈ ಮೇಲೆತ್ತಿದಳು. ದಸ್ತರಖಾನದ, ಅಂದರೆ ಊಟ ಬಡಿಸಿದ ಹಾಸಿನ ಮುಂದೆ ಹಿರಿಯರು ಅಂಗೈ ಎತ್ತಿದರೆ ಮುಗಿಯಿತು. ಎಲ್ಲರೂ ಅಂಗೈ ಎತ್ತಿದರು, ಅಜ್ಜಿ ದೇಶಕ್ಕೂ ಮಳೆಗೂ ಡಾಕ್ಟರ ಅಪ್ಪ ಸಿದ್ದಿಕನಿಗೂ ಒಳ್ಳೆಯದಾಗಲಿ ಎಂದು ಹರಸಿದಳು, ಎಲ್ಲರೂ ಆಮೀನ್ ಎಂದು ಮುಖ ಸವರಿಕೊಂಡು ಎದ್ದರು. ಹಾಗೆ ಎದ್ದ ಮೇಲೆ ಮತ್ತೆ ಕೂತು ಮಾತಾಡಿದವರು ಆ ಸೀಮೆಯ ಚರಿತ್ರೆಯಲ್ಲೇ ಇಲ್ಲ. ಮೂವರ ಕಂಕುಳಿಗೂ ಎರಡೆರಡು ನಾನ್ ರೊಟ್ಟಿ ಸಿಕ್ಕಿಸಿ ಕಳಿಸಿದ್ದಾಯಿತು.

ಗೇಟು ಮುಚ್ಚಿದ ಮೇಲೆ ಅಜ್ಜಿ ಮುಹಯ್ಯೊಳ ಕಡೆ ತಿರುಗಿ, ಈ ಕಳ್ಳಿ ಇನ್ನೂ ಇಲ್ಲೇ ಇದ್ದಾಳಲ್ಲ ಎಂದಳು.

ಹತ್ತು ದಿನಕ್ಕೆ ಪತ್ರ ಬಂತು. ಮೂವತ್ತೊಂದರಲ್ಲಿ ಇಪ್ಪತ್ತೊಂಬತ್ತು ತೃಪ್ತಿಕರ; ಹಿರಿಯರು ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲರು; ಸಹಾಯಕಿಯ ಅಗತ್ಯವಿಲ್ಲ. ಪತ್ರದ ಕೆಳಗೆ ಇನ್ನೊಂದು ಸಾಲಿತ್ತು. ಇಂಥ ಕುಟುಂಬದಿಂದ ಇತರರು ಕಲಿಯುವುದು ಬಹಳವಿರುವುದರಿಂದ ಇದನ್ನು ಮಾದರಿ ಆರೈಕೆ ಮನೆ ಎಂದು ಘೋಷಿಸಲಾಗಿದೆ.

ಕೋಜಿಮ್ ರಯೀಸ ಅವತ್ತೇ ಸಂಜೆ ಸುತ್ತಿಗೆ ತಂದು ಗೇಟಿಗೆ ಅದೇ ಹೆಸರಿನ ಹಲಗೆ ಹೊಡೆದ. ಶುಕ್ರವಾರ ಮೊಹಲ್ಲಾದ ಹೆಂಗಸರಿಗೆ ಇಲ್ಲಿ ತರಬೇತಿ, ಮುಂದಿನ ವಾರ ಬೇರೆ ಜಿಲ್ಲೆಯಿಂದ ನಿಯೋಗ ಬರುತ್ತದೆ ಎಂದು ಸಂಭ್ರಮದಲ್ಲಿ ಹೇಳಿದ. ಮುಹಯ್ಯೊ ಪತ್ರವನ್ನು ಎರಡು ಸಲ ಓದಿ ಮಡಚಿ ಗಂಡನ ಕೈಗೆ ಕೊಟ್ಟಳು. ಅವಳು ಏನಾದರೂ ಅಂದಿದ್ದರೆ ಮಮಾಸೊಲಿಗೆ ಅವತ್ತು ಊಟ ಸೇರುತ್ತಿತ್ತು.

ಮಾರನೆಯ ದಿನ ಅವನು ಜಿಲ್ಲಾ ಕಚೇರಿಗೆ ಹೋದ. ಸಾಲಿನಲ್ಲಿ ಅವನ ಮುಂದೆಯೇ ಮೊಹಲ್ಲಾದ ಇಬ್ಬರು ನಿಂತಿದ್ದರು. ಯಾಕೆ ಬಂದೆ ಎಂದು ಅವರು ಕೇಳಿದಾಗ, ಧನ್ಯವಾದ ಹೇಳೋಕೆ ಬಂದೆ ಎಂದುಬಿಟ್ಟ. ಅವರು ಹೋಗುವವರೆಗೂ ಕಾದು, ಹುಲ್ಕರಳ ಮೇಜಿನ ಮುಂದೆ ನಿಂತು ಟೊಪ್ಪಿಗೆ ಹಿಂಡಲು ಶುರುಮಾಡಿದ. ಅಮ್ಮನಿಗೆ ಸ್ವಲ್ಪ, ಅಂದ್ರೆ ಯಾವಾಗಲೂ ಅಲ್ಲ, ಆದ್ರೆ ಒಂದೊಂದು ಸಲ ಎಂದು ಹತ್ತು ನಿಮಿಷ ಸುತ್ತಿದ.

ಹುಲ್ಕರ್ ಪೆನ್ನು ಕೆಳಗಿಟ್ಟಳು. ಈ ಕೆಲಸಕ್ಕೆ ಸೇರಿದ ಮೇಲೆ ಅವಳು ಅರವತ್ತಾರು ಮನೆಗಳಲ್ಲಿ ಪಲಾವ್ ತಿಂದಿದ್ದಳು. ಸಹಾಯಕಿ ಮಂಜೂರಾದದ್ದು ನಾಲ್ಕು ಮನೆಗೆ. ಆ ನಾಲ್ಕು ಮನೆಯಲ್ಲೂ ಸತ್ಕಾರ ಮಾಡುವಷ್ಟು ಶಕ್ತಿ ಯಾರಿಗೂ ಉಳಿದಿರಲಿಲ್ಲ. ನಮೂನೆ ಬದಲಾಯಿಸಿ, ಕಾಯಿಲೆಯವರ ಬಗ್ಗೆ ಮೂವತ್ತೊಂದು ಪ್ರಶ್ನೆ ಇದೆ, ನೋಡಿಕೊಳ್ಳುವವರ ಬಗ್ಗೆ ಒಂದಾದರೂ ಇರಲಿ ಎಂದು ಮೇಲಿನವರಿಗೆ ಮೂರು ಸಲ ಬರೆದಿದ್ದಳು. ಅಂಥ ಪ್ರಶ್ನೆಗೆ ಕಾಲಂ ಇಲ್ಲ ಎಂದು ಉತ್ತರ ಬಂದಿತ್ತು. ಇದನ್ನೆಲ್ಲ ಹೇಳಿ ಅವಳು ಕೇಳಿದಳು:

"ಅಣ್ಣ, ಅಮ್ಮ ರಾತ್ರಿ ಎಷ್ಟು ಸಲ ಏಳ್ತಾರೆ?"

ಮಮಾಸೊಲಿಗೆ ಗೊತ್ತಿರಲಿಲ್ಲ. ಯಾವ ಮಾತ್ರೆ ಯಾವ ಹೊತ್ತಿಗೆ ಎಂಬುದೂ ಗೊತ್ತಿರಲಿಲ್ಲ. ಎತ್ತುವುದು ಹೇಗೆ ಎಂಬುದೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಮೂರು ಸಲ ಹೇಳಿದ ಮೇಲೆ ನಾಲ್ಕನೆಯ ಪ್ರಶ್ನೆಯನ್ನು ಅವಳು ಕೇಳಲಿಲ್ಲ. ಅವನ ಮುಖ ನೋಡಿ ಅವಳಿಗೇ ನಾಚಿಕೆಯಾಗಿರಬೇಕು.

"ಮರುತಪಾಸಣೆಗೆ ಬರೆದ್ಕೋತೀನಿ. ಹದಿನೈದು ದಿನದೊಳಗೆ ಒಂದಿನ ಬರ್ತೀನಿ, ಯಾವತ್ತು ಅಂತ ಹೇಳಲ್ಲ. ಒಂದೇ ಸಲ. ರಯೀಸರೂ ಕಣ್ಣಾರೆ ನೋಡಿ ಸಹಿ ಹಾಕಬೇಕು, ಹೋದ ಸಲ ಅವರೇ ತಾನೇ ಏನೂ ತೊಂದರೆ ಇಲ್ಲ ಅಂದಿದ್ದು. ನೀವು ಬಾಗಿಲು ತೆಗೀಲಿಲ್ಲ ಅಂದ್ರೆ ಕಡತ ಮುಚ್ಚಿಹೋಗುತ್ತೆ, ಒಂದು ವರ್ಷ ಮತ್ತೆ ಅರ್ಜಿ ಹಾಕೋ ಹಾಗಿಲ್ಲ. ಇನ್ನೊಂದು ಮಾತು. ದಯವಿಟ್ಟು ಅಡುಗೆ ಮಾಡಬೇಡಿ."

ಅಡುಗೆ ಮಾಡಬೇಡಿ ಎಂದ ಆ ಮಾತು ಅವನಿಗೆ ದಾರಿಯುದ್ದಕ್ಕೂ ಬೈಗುಳದ ಹಾಗೆ ಕೇಳಿಸಿತು.

ಶುಕ್ರವಾರ ತರಬೇತಿಗೆ ಇಪ್ಪತ್ತೆರಡು ಹೆಂಗಸರು ಬಂದರು, ಕೈಯಲ್ಲಿ ನೋಟುಪುಸ್ತಕ. ತರಬೇತಿ ಬೇಡ, ನನ್ನ ಹೆಂಡತಿಗೆ ಆಗುವುದಿಲ್ಲ ಎಂದು ರಯೀಸನಿಗೆ ಹೇಳಲು ಮಮಾಸೊಲಿ ಗುರುವಾರ ಮೂರು ಸಲ ಅವನ ಮನೆಗೆ ಹೋಗಿದ್ದ. ಮೂರು ಸಲವೂ ಚಹಾ ಕುಡಿದು, ಹವಾಮಾನದ ವಿಷಯ ಮಾತಾಡಿ ವಾಪಸು ಬಂದಿದ್ದ. ಹೀಗಾಗಿ ಮುಹಯ್ಯೊ ಇಪ್ಪತ್ತೆರಡು ಜನರ ಮುಂದೆ ಅತ್ತೆಯನ್ನು ಎತ್ತಿ ಕೂರಿಸುವುದು ಹೇಗೆಂದು ತೋರಿಸಿದಳು. ಎರಡನೆಯ ಸಾಲಿನವರಿಗೆ ಕಾಣಲಿಲ್ಲವಂತೆ. ಇನ್ನೊಮ್ಮೆ ತೋರಿಸಿ ಎಂದರು. ಎರಡನೆಯ ಸಲ ಎತ್ತಿ, ಅತ್ತೆಯನ್ನು ಜೋಪಾನವಾಗಿ ದಿಂಬಿಗೆ ಒರಗಿಸಿ, ತಾನು ಹಾಗೇ ನೆಲಕ್ಕೆ ಕುಸಿದಳು. ಕೂಗಲಿಲ್ಲ. ಮೊದಲ ಸಾಲಿನಲ್ಲಿ ಒಬ್ಬಳು ಇದೂ ತರಬೇತಿಯ ಭಾಗವೆಂದು ಬರೆದುಕೊಳ್ಳುತ್ತಿದ್ದಳು.

ಆಸ್ಪತ್ರೆಯಲ್ಲಿ ಎರಡು ವಾರ ಚಪ್ಪಟೆ ಮಲಗಿಸಬೇಕು ಎಂದರು. ಇನ್ನು ಮುಂದೆ ಒಬ್ಬಳೇ ಭಾರ ಎತ್ತಿದರೆ ಈ ಹೆಂಗಸು ನಡೆಯುವುದಿಲ್ಲ ಎಂದೂ ಹೇಳಿದರು, ಮಮಾಸೊಲಿಯ ಮುಖಕ್ಕೇ.

ಹಾಗೆ ಮಮಾಸೊಲಿ ತಾಯಿಯ ಜೊತೆ ಒಬ್ಬನೇ ಉಳಿದ. ಸಾವಿರ ಜನರ ಮದುವೆಯನ್ನು ಬೆವರದೆ ದಾಟಿಸಿದವನು ಒಬ್ಬ ಮುದುಕಿಗೆ ಒಂದು ಬಟ್ಟಲು ಗಂಜಿ ಕುಡಿಸಲು ಒಂದೂವರೆ ಗಂಟೆ ತೆಗೆದುಕೊಂಡ. ಮುಹಯ್ಯೊ ಆಸ್ಪತ್ರೆಯಿಂದ ಫೋನಿನಲ್ಲೇ ಮನೆ ನಡೆಸುತ್ತಿದ್ದಳು. ನೀಲಿ ಮಾತ್ರೆ ಮೊಸರಿನಲ್ಲಿ ಬಚ್ಚಿಡಿ. ಎತ್ತುವ ಮುಂಚೆ ಎಡಗಾಲು ಹಿಂದೆ ಇಡಿ. ಅಳುವಾಗ ಕಾರಣ ಕೇಳಬೇಡಿ, ಹಸು ಮನೆಗೆ ಬಂತು ಅನ್ನಿ. ಕೊನೆಗೆ ದಿನಾ ಒಂದೇ ಮಾತು: "ಗೇಟಿನ ಹತ್ರ ಯಾರೇ ಬರ್ಲಿ, ಮೊದ್ಲು ಅತ್ತೆ ಮೈಮೇಲೆ ಬಟ್ಟೆ ಸರಿ ಮಾಡಿ, ತಲೆಗೆ ವಸ್ತ್ರ ಕಟ್ಟಿ. ಆರು ವರ್ಷದಲ್ಲಿ ಒಬ್ಬರ ಕಣ್ಣಿಗೂ ಅವರನ್ನ ಹಾಗೆ ಬೀಳಿಸಿಲ್ಲ ನಾನು."

ಬಾಗಿಲಿನಾಚೆ ನೆರೆಯವರು ಮಮಾಸೊಲಿಯನ್ನು ಹೊಗಳುತ್ತಿದ್ದರು. ಬಸೋರತ್ ಅಕ್ಕ ದಿನಾ ಸೂಪು ತಂದುಕೊಟ್ಟು, ಒಳಗೆ ಬರಲೇ ಎಂದು ಕೇಳುತ್ತಿದ್ದಳು. ಬೇಡಕ್ಕಾ, ಎಲ್ಲಾ ಚೆನ್ನಾಗಿದೆ ಎಂದು ಅವನು ಗೇಟಿನ ಸಂದಿಯಲ್ಲೇ ಪಾತ್ರೆ ಈಸಿಕೊಳ್ಳುತ್ತಿದ್ದ. ಅವಳಿಗೆ ಎಲ್ಲಾ ಗೊತ್ತಿತ್ತು. ಗೊತ್ತಿದೆ ಎಂಬುದು ಅವನಿಗೂ ಗೊತ್ತಿತ್ತು. ಇಬ್ಬರೂ ಸಂದಿಯಲ್ಲಿ ನಗುತ್ತಿದ್ದರು.

ಐದನೆಯ ದಿನ, ಬೆಳಿಗ್ಗೆ ಹತ್ತು ಗಂಟೆ. ಹಿಂದಿನ ರಾತ್ರಿ ಏಳು ಸಲ ಎದ್ದಿದ್ದ. ಅಜ್ಜಿಯ ಬಟ್ಟೆಯೆಲ್ಲ ಹೊಲಸಾಗಿ, ತೊಳೆಯಲೆಂದು ಬಚ್ಚಲಿಗೆ ಕರೆದೊಯ್ದ. ನೀರು ಬಿದ್ದದ್ದೇ ಅವಳು ಅವನನ್ನು ತಳ್ಳಿ, ಎಲ್ಲಿಂದ ಬಂತೋ ಆ ಬಲ, ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದು ಕಲ್ಲಿನ ಮೇಲೆ ಕೂತುಬಿಟ್ಟಳು. ಮೈಮೇಲೆ ಒದ್ದೆ ಒಳಲಂಗ ಒಂದೇ. ತಲೆವಸ್ತ್ರವಿಲ್ಲ, ಬಿಳಿ ಕೂದಲು ಬೆನ್ನ ಮೇಲೆ ಹರಡಿದೆ. ಹತ್ತಿರ ಹೋದರೆ ಕಳ್ಳ ಕಳ್ಳ ಎಂದು ಕೈಗೆ ಸಿಕ್ಕಿದ್ದು ಎಸೆಯುತ್ತಿದ್ದಾಳೆ. ಮಮಾಸೊಲಿಯ ಅಂಗಿಯ ಮೇಲೆ ಏನೇನು ಇತ್ತೆಂದು ಹೇಳುವುದು ಬೇಡ.

ಆಗ ಗೇಟು ತಟ್ಟಿದರು.

"ಅಣ್ಣ, ನಾನು ಹುಲ್ಕರ್."

ಅವನು ಉತ್ತರ ಕೊಡುವ ಮುಂಚೆಯೇ ಇನ್ನೊಂದು ದನಿ ಕೇಳಿಸಿತು. ಕೋಜಿಮ್ ರಯೀಸ ಯಾರಿಗೋ ಗೇಟಿನ ಹಲಗೆ ಓದಿ ಹೇಳುತ್ತಿದ್ದ. ಬೇರೆ ಜಿಲ್ಲೆಯ ನಿಯೋಗ. ಬರಬೇಡಿ ಎಂದು ಹೇಳಲು ಮಮಾಸೊಲಿ ನಾಲ್ಕು ದಿನದಿಂದ ಫೋನು ಕೈಗೆತ್ತಿಕೊಂಡು ಕೆಳಗಿಡುತ್ತಲೇ ಇದ್ದ. ಸಂದಿಯಲ್ಲಿ ಕಣ್ಣಿಟ್ಟು ನೋಡಿದ. ಹತ್ತು ಗಂಡಸರು, ಇಬ್ಬರು ಹೆಂಗಸರು, ಒಬ್ಬನ ಕೊರಳಲ್ಲಿ ಕ್ಯಾಮೆರಾ.

"ಐದು ನಿಮಿಷ," ಎಂದ ಸಂದಿಯಲ್ಲಿ.

ಹುಲ್ಕರ್ ಸಂದಿಯ ಹತ್ತಿರ ಬಾಯಿ ತಂದು ಮೆಲ್ಲಗೆ ಹೇಳಿದಳು. "ಐದು ನಿಮಿಷ ಕೊಟ್ರೆ ನೀವು ಮದುವೆ ಮನೆ ಮಾಡ್ತೀರ ಅಣ್ಣ. ನಾನು ಕಂಡಿದ್ದು ಬರೀಬೇಕು, ಕೇಳಿದ್ದಲ್ಲ. ಇವತ್ತು ರಯೀಸರು ಇಲ್ಲೇ ಇದ್ದಾರೆ, ಸಹಿ ಆಗಿಹೋಗುತ್ತೆ."

ರಯೀಸರೊಬ್ಬರೇ ಒಳಗೆ ಬರಲಿ ಎಂದು ಅವನು ಬೇಡಿಕೊಂಡ. ಅದಕ್ಕೆ ರಯೀಸ ಹೊರಗಿನಿಂದ, ನೂರೈವತ್ತು ಕಿಲೋಮೀಟರ್ ದೂರದಿಂದ ಬಂದ ಅತಿಥಿಗಳನ್ನು ಬೀದಿಯಲ್ಲಿ ನಿಲ್ಲಿಸಿ ತಾನೊಬ್ಬನೇ ಒಳಗೆ ಹೋದರೆ ಮೊಹಲ್ಲಾದ ಮೂಗು ಏನಾಗಬೇಕು ಎಂದು ಕೇಳಿದ. ಹಾಗೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಮಾಸೊಲಿಯೇ ಅವನ ಜಾಗದಲ್ಲಿದ್ದರೂ ಅದನ್ನೇ ಕೇಳುತ್ತಿದ್ದ.

ಅವನು ಓಡಿಹೋಗಿ ಒಂದು ಬಿಳಿ ಮೇಜುಬಟ್ಟೆ ತಂದು ತಾಯಿಗೆ ಹೊದಿಸಿದ. ಕಿತ್ತೆಸೆದಳು. ಮತ್ತೆ ಹೊದಿಸಿದ. ಮತ್ತೆ ಕಿತ್ತು ಕೆಸರಿಗೆ ಹಾಕಿ ತುಳಿದಳು. ಕಾಲು ಹಿಡಿದುಕೊಂಡು, ಅಮ್ಮಾ, ಜನ ಬಂದಿದ್ದಾರೆ, ದಯವಿಟ್ಟು ಹೊದ್ದುಕೋ ಎಂದ. ಅವಳು ಅವನ ಮುಖವನ್ನೇ ನೋಡಿ ಅಳಲು ಶುರುಮಾಡಿದಳು. "ಯಾರಪ್ಪಾ ನೀನು? ಆ ಹುಡುಗಿ ಎಲ್ಲಿ? ದಿನಾ ಬರ್ತಾಳಲ್ಲ, ಕೈ ಬೆಚ್ಚಗಿರುತ್ತಲ್ಲ, ಅವಳು. ಅವಳನ್ನ ಕರಿ."

ಹೊರಗೆ ಹುಲ್ಕರ್ ಇನ್ನೊಮ್ಮೆ ತಟ್ಟಿದಳು. ಕಡತ ಮುಚ್ಚಬೇಕಾಗುತ್ತದೆ ಅಣ್ಣ ಎಂದಳು, ಬೆದರಿಸುವ ದನಿಯಲ್ಲಲ್ಲ.

ಮಮಾಸೊಲಿ ಒಂದು ಕಡೆ ತಾಯಿಯನ್ನು ನೋಡಿದ. ಇನ್ನೊಂದು ಕಡೆ ಗೇಟು. ಚಿಲಕದ ಮೇಲೆ ಕೈ ಇಟ್ಟ. ತೆಗೆದ.

ಹನ್ನೆರಡು ಜನ ಎದೆಯ ಮೇಲೆ ಕೈಯಿಟ್ಟುಕೊಂಡು ನಗುತ್ತಾ ಒಳಗೆ ಕಾಲಿಟ್ಟವರು ಹಾಗೇ ನಿಂತರು. ಗಂಡಸರೆಲ್ಲ ತಲೆಯೆತ್ತಿ ದ್ರಾಕ್ಷಿ ಚಪ್ಪರ ನೋಡಲು ಶುರುಮಾಡಿದರು. ಮಾರ್ಚಿ ತಿಂಗಳು, ಚಪ್ಪರದಲ್ಲಿ ಎಲೆಯೂ ಇರಲಿಲ್ಲ. ಆದರೂ ಒಬ್ಬರು ಪಕ್ಕದವರಿಗೆ ಬಳ್ಳಿ ಯಾವ ಜಾತಿಯದು ಎಂದು ಕೇಳಿದರು. ಕ್ಯಾಮೆರಾದವನು ಕ್ಯಾಮೆರಾವನ್ನು ಅಂಗಿಯೊಳಗೆ ತುರುಕಿಕೊಂಡ. ಕೋಜಿಮ್ ರಯೀಸ, ಇಲ್ಲಿ ಸ್ವಲ್ಪ ರಿಪೇರಿ ನಡೀತಿದೆ ಎಂದು ಅತಿಥಿಗಳಿಗೆ ವಿವರಿಸಿದ. ನಿಯೋಗದ ಹೆಂಗಸರಲ್ಲಿ ದೊಡ್ಡವಳು ಮಾತ್ರ ಮುಂದೆ ಬಂದು, ತನ್ನ ಶಾಲು ಬಿಚ್ಚಿ ಅಜ್ಜಿಯ ತಲೆಯ ಮೇಲಿಂದ ಹೊದಿಸಿದಳು. ಹೆಂಗಸಿನ ಕೈ ಎಂದೋ ಏನೋ, ಅಜ್ಜಿ ಕಿತ್ತೆಸೆಯಲಿಲ್ಲ.

ಹುಲ್ಕರ್ ನಮೂನೆ ತೆಗೆದು ಅಲ್ಲೇ ನಿಂತು ಕೇಳಿದಳು. ರಾತ್ರಿ ಎಷ್ಟು ಸಲ ಏಳುತ್ತಾರೆ? ಏಳು ಸಲ ಎಂದ ಮಮಾಸೊಲಿ. ಯಾರು ತೊಳೆಯುತ್ತಾರೆ? ಐದು ದಿನದಿಂದ ನಾನು. ಅದಕ್ಕೂ ಮುಂಚೆ? ಎಲ್ಲರಿಗೂ ಕೇಳುವ ಹಾಗೆ ಅವನು ಹೇಳಿದ. "ನನ್ನ ಹೆಂಡತಿ. ಆರು ವರ್ಷ, ಅವಳೊಬ್ಬಳೇ. ನಾನು ಸಂಜೆ ಬಂದು ಹೇಗಿದ್ದೀಯಮ್ಮಾ ಅಂತ ಕೇಳ್ತಿದ್ದೆ."

ಚಪ್ಪರ ನೋಡುತ್ತಿದ್ದ ಹತ್ತು ತಲೆಗಳು ಅದನ್ನು ಕೇಳಿ ಕೆಳಗಿಳಿದು ತಮ್ಮ ತಮ್ಮ ಬೂಟು ನೋಡಿಕೊಂಡವು.

ರಯೀಸ ಸಹಿ ಹಾಕಿದ. ಹುಲ್ಕರ್ ನಮೂನೆಯ ಅಂಚಿನಲ್ಲಿ, ಯಾವ ಕಾಲಮ್ಮಿಗೂ ಸೇರದ ಜಾಗದಲ್ಲಿ, ಆರೈಕೆ ಮಾಡುತ್ತಿದ್ದವರು ಆಸ್ಪತ್ರೆಯಲ್ಲಿದ್ದಾರೆ ಎಂದು ಸಣ್ಣಕ್ಷರದಲ್ಲಿ ಬರೆದಳು. ಮೇಲಿನವರು ಅಂಚು ಓದುತ್ತಾರೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಮೂರು ಬೆಳಿಗ್ಗೆ ಮಂಜೂರು ಎಂದಳು. ನಿಯೋಗದವರು ಚಹಾ ಕುಡಿಯದೆ ಹೋದರು. ಆ ಮನೆಯಿಂದ ಅತಿಥಿಗಳು ಚಹಾ ಕುಡಿಯದೆ ಹೋದದ್ದು ಅದೇ ಮೊದಲು.

ಎಲ್ಲರೂ ಹೋದ ಮೇಲೆ ಅವನು ತಾಯಿಗೆ ಒಣಬಟ್ಟೆ ಉಡಿಸಿದ. ಅವಳು ಸುಮ್ಮನೆ ಉಡಿಸಿಕೊಂಡಳು. ಗುಂಡಿ ಹಾಕುತ್ತಿದ್ದಾಗ, "ಮಮಾಸೊಲಿ," ಎಂದಳು.

ತನ್ನ ಹೆಸರನ್ನು ಆ ಬಾಯಿಂದ ಕೇಳಿ ಒಂದು ವರ್ಷವೇ ಆಗಿತ್ತು. "ಹೇಳಮ್ಮಾ."

"ನಾನು ನಿನ್ನನ್ನ ಹೆತ್ತೋಳು ಕಣೋ. ಅಷ್ಟು ಜನ ಗಂಡಸರ ಮುಂದೆ ನನ್ನ ಹಾಗೆ ಕೂರಿಸಿಬಿಟ್ಟೆಯಲ್ಲೋ."

ಅವನು ಗುಂಡಿ ಹಿಡಿದುಕೊಂಡೇ ಇದ್ದ. ಸ್ವಲ್ಪ ಹೊತ್ತಿಗೆ ಅವಳು ಚಹಾ ಕೇಳಿದಳು, ಆಮೇಲೆ ಹಸುವನ್ನು ಕೇಳಿದಳು, ಆಮೇಲೆ ನೀನು ಯಾರ ಮಗ ಎಂದು ಕೇಳಿದಳು. ಅವಳಿಗೆ ಮರೆತುಹೋಯಿತು. ಅವನಿಗೆ ಅಂಥ ಕಾಯಿಲೆ ಇನ್ನೂ ಬಂದಿಲ್ಲ.

ಮುಹಯ್ಯೊ ಮನೆಗೆ ಬಂದಾಗ ಸಹಾಯಕಿ ಆಗಲೇ ಬರತೊಡಗಿದ್ದಳು. ಹೇಗೆ ಮಂಜೂರಾಯ್ತು ಎಂದು ಕೇಳಿದ್ದಕ್ಕೆ, ಕಾಗದ ಪತ್ರ ಓಡಾಡಿಸಿದೆ ಎಂದ ಮಮಾಸೊಲಿ. ನಿಜ ಹೇಳಲು ಬಸೋರತ್ ಅಕ್ಕ ಇದ್ದಳಲ್ಲ, ಅವತ್ತೇ ಹೇಳಿದಳು. ಮಾರನೆಯ ಬೆಳಿಗ್ಗೆ ಸಹಾಯಕಿ ಬಂದು ಅಜ್ಜಿಯ ಕೋಣೆಗೆ ಹೋದ ಮೇಲೆ, ಮುಹಯ್ಯೊ ಗಂಡನನ್ನು ನೋಡದೆ ಹೇಳಿದಳು: "ನಾನಾಗಿದ್ರೆ ತೆಗೀತಿರ್ಲಿಲ್ಲ."

ಆಮೇಲೆ ಗೋಡೆಯ ಕಡೆ ತಿರುಗಿ ಚಪ್ಪಟೆ ಮಲಗಿ, ಮಧ್ಯಾಹ್ನದವರೆಗೂ ನಿದ್ದೆ ಹೋದಳು. ಆರು ವರ್ಷದಲ್ಲಿ ಮೊದಲ ಸಲ. ಮಮಾಸೊಲಿ ಅವಳ ಉಸಿರು ಕೇಳುತ್ತಾ ಬಾಗಿಲಲ್ಲಿ ಕೂತಿದ್ದ, ಒಳಗೆ ಹೋಗಲೂ ನಾಚಿಕೆ, ಎದ್ದುಹೋಗಲೂ ನಾಚಿಕೆ.

ಈಗ ನೀವು ಹೇಳಿ. ಒಂದು ಕಡೆ ಹೆತ್ತವಳ ಮಾನ, ಇನ್ನೊಂದು ಕಡೆ ಕೈಹಿಡಿದವಳ ಕಾಲು, ನಡುವೆ ಒಂದು ಚಿಲಕ. ನಿಮ್ಮ ಕೈ ಅದರ ಮೇಲಿದ್ದಿದ್ದರೆ ನೀವೇನು ಮಾಡುತ್ತಿದ್ದಿರಿ?